ಚಕ್ಕುಬಂದಿ

ದಿನಕ್ಕೆ ಹದಿನಾಲ್ಕು ಕರಾರು ಟೈಪು ಮಾಡುತ್ತೇನೆ
ಕೋರ್ಟಿನ ಹಿಂಬದಿ, ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ.
ಒಂದನೇ ಪಾರ್ಟಿ, ಎರಡನೇ ಪಾರ್ಟಿ,
ಹನ್ನೊಂದು ತಿಂಗಳ ಅವಧಿ, ಹತ್ತು ತಿಂಗಳ ಅಡ್ವಾನ್ಸು,
ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳದ್ದು ವಜಾ.
ಹೆಸರು ಬದಲಾಗುತ್ತದೆ, ಅಂಕಿ ಬದಲಾಗುತ್ತದೆ,
'ಸದರಿ' ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ:
ಸದರಿ ಮನೆ, ಸದರಿ ಮಾಲೀಕರು,
ಸದರಿ ತಾರೀಕಿನೊಳಗೆ ಖಾಲಿ ಮಾಡತಕ್ಕದ್ದು.

ನಮ್ಮ ಮನೆ ಬಳೇಪೇಟೆಯ ಒಳಗಲ್ಲಿ.
ಬಾಡಿಗೆ ನೂರ ಹತ್ತು ರೂಪಾಯಿ.
ಸರಿಯಾಗಿಯೇ ಓದಿದಿರಿ, ಸೊನ್ನೆ ಬಿಟ್ಟುಹೋಗಿಲ್ಲ.
ಮಾವನವರ ಕಾಲದಲ್ಲಿ ಕೋರ್ಟು ಗೊತ್ತು ಮಾಡಿದ್ದು.
ಶೆಟ್ಟರು ಮುನಿದು ಆ ದುಡ್ಡು ಮುಟ್ಟಲಿಲ್ಲ,
ಅಂದಿನಿಂದ ಚಲನ್ ಕಟ್ಟುತ್ತೇವೆ.
ಮಾವ ಹೋದರು, ಶೆಟ್ಟರೂ ಹೋದರು.
ಹಸಿರು ದಾರದಲ್ಲಿ ಪೋಣಿಸಿದ ಚಲನ್‌ಗಳು
ದೇವರ ಗೂಡಿನಲ್ಲಿ, ಊದಿನಕಡ್ಡಿಯ ಪಕ್ಕ.

ಈಗ ಕಾಯಿದೆಯನ್ನೇ ತೆಗೆಯುತ್ತಾರಂತೆ.
"ಇಂಥವು ಎಷ್ಟು ಕೇಳಿಲ್ಲ" ಅಂದರು ಕೆಳಮನೆಯ ನಾಗೋಜಿರಾಯರು,
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.
ಅವತ್ತು ಅವರ ಮಿಷನ್ನು
ಒಂದೇ ಕಾಲರನ್ನು ಮೂರು ಸಲ ಹೊಲಿಯಿತು.

ಶೆಟ್ಟರ ಮೊಮ್ಮಗಳು ಹಿಮಜಾ ಬಂದಳು, ಲೇಸರ್ ಟೇಪು ಹಿಡಿದು.
ಕೆಂಪು ಚುಕ್ಕೆಯೊಂದು ಗೋಡೆಯ ಮೇಲೆ ನಡೆದು
ಕ್ಯಾಲೆಂಡರು ದಾಟಿ, ಅತ್ತೆಯ ಬೋಳು ಹಣೆಯ ಮೇಲೆ
ಒಂದು ಗಳಿಗೆ ನಿಂತಿತು.
ಇನ್ನೂರ ಎಂಬತ್ತು ಚದರಡಿ, ಅಂದಳು.
ಕೆಟ್ಟವಳಲ್ಲ. ಕೊಟ್ಟ ಕಾಫಿ ಪೂರ್ತಿ ಕುಡಿದಳು.
"ಆಂಟಿ, ಹತ್ತು ಮನೆಯಿಂದ ಬರೋದು
ಕಂದಾಯಕ್ಕೂ ಸಾಲಲ್ಲ" ಅಂದಳು, ಸೋರುವ ತಾರಸಿ ನೋಡುತ್ತ.
ನಿಜ. ಕಂದಾಯದ ರಸೀದಿ ನಾನೂ ನೋಡಿದ್ದೇನೆ.

ಇನ್ನೊಂದು ನಿಜ ಅವಳಿಗೆ ಹೇಳಲಿಲ್ಲ.
ಅಟ್ಟದಲ್ಲಿ ಸುರಪುರದ ಹುಡುಗ ಇದ್ದಾನೆ, ಸಿದ್ರಾಮ,
ಎಸ್.ಪಿ. ರೋಡಿನಲ್ಲಿ ಮೊಬೈಲಿಗೆ ಗಾಜು ಕೂರಿಸುವವನು.
ಎದ್ದು ನಿಂತರೆ ತೊಲೆ ತಾಗುವ ಆ ಜಾಗಕ್ಕೆ
ತಿಂಗಳಿಗೆ ಮೂರು ಸಾವಿರ ಈಸಿಕೊಳ್ಳುತ್ತೇನೆ.
ಕರಾರಿಲ್ಲ, ರಸೀದಿಯಿಲ್ಲ.
ಯುಗಾದಿಗೆ ಐನೂರು ಏರಿಸಿದೆ.
ಅವನು ಹೂಂ ಅಂದ.
ಅವನ ತಲೆ ಕಾಯಲು ಯಾವ ಕಾಯಿದೆಯಿತ್ತು, ತೆಗೆಯಲು?

ರಾತ್ರಿ ಲೆಕ್ಕ ಹಾಕಿದೆ.
ಬೀದಿಯ ಈಗಿನ ರೇಟು ಹದಿನೆಂಟು ಸಾವಿರ.
ಕರಾರೊಂದಕ್ಕೆ ನನಗೆ ದಕ್ಕುವುದು ನಲವತ್ತು.
ಅಂದರೆ ನಾನೊಬ್ಬಳು ಈ ಮನೆಯಲ್ಲಿ ಉಳಿಯಲು
ತಿಂಗಳಿಗೆ ನಾನೂರೈವತ್ತು ಸಂಸಾರಗಳು
ಗಂಟುಮೂಟೆ ಕಟ್ಟಬೇಕು.
ಕಟ್ಟುತ್ತಾರೆ, ಕಾಯಿದೆ ಹೋದ ಮೇಲೆ.
ಟೆಂಪೋದವನಿಗೂ ನನಗೂ ಸುಗ್ಗಿ.
ಜುಬೇದಾ ಆಗಲೇ ನೆಲಮಂಗಲದ ಕಡೆ ಮನೆ ನೋಡಿ ಬಂದಳು.
ಗಾಳಿ ಚೆನ್ನಾಗಿದೆ ಅಂದಳು. ಬಸ್ಸಿನ ವಿಚಾರ ಎತ್ತಲಿಲ್ಲ.

ಇವತ್ತು ವಕೀಲರ ಗುಮಾಸ್ತ ಹೊಸ ಹುಡುಗ
ಒಂದು ಡ್ರಾಫ್ಟು ತಂದ. ಅರ್ಜೆಂಟು, ಹತ್ತು ಪ್ರತಿ.
ಚಕ್ಕುಬಂದಿಗೆ ಬಂದಾಗ ಬೆರಳಿಗೇ ಮೊದಲು ಗೊತ್ತಾಯಿತು:
ಪೂರ್ವಕ್ಕೆ ತಂಬೂರಿ ರಿಪೇರಿಯ ಮಳಿಗೆ,
ಪಶ್ಚಿಮಕ್ಕೆ ಕಾರ್ಪೊರೇಷನ್ ಮೋರಿ,
ಉತ್ತರಕ್ಕೆ ಖಾಸಗಿ ಗೋಡೆ.
ಆ ಗೋಡೆಯ ಮೇಲೆ ಅತ್ತೆಯ ಸಂಡಿಗೆ ಒಣಗುತ್ತಿರುತ್ತದೆ.
ಅದು ಡ್ರಾಫ್ಟಿನಲ್ಲಿರಲಿಲ್ಲ. ನಾನೂ ಸೇರಿಸಲಿಲ್ಲ.

"ಎರಡನೇ ಪಾರ್ಟಿ ಹೆಸರು?" ಅಂದೆ.
"ಅದು ಆಮೇಲೆ ಮೇಡಂ, ಈಗ ಚುಕ್ಕಿ ಹಾಕಿ."
"ಎಷ್ಟು ಹಾಕಲಿ?"
"ಒಂದು ಹೆಸರು ಹಿಡಿಯುವಷ್ಟು."

ಹಾಕಿದೆ.
ನನ್ನ ಹೆಸರು ಹಿಡಿಯುವಷ್ಟು ಹಾಕಿ,
ಸ್ವಲ್ಪ ನಿಂತು,
ಸಿದ್ರಾಮನದೂ ಹಿಡಿಯಲಿ ಅಂತ
ಇನ್ನೊಂದಷ್ಟು.